ಅಪ್ಪ-ಆಯಿಯ ಹೆಸರಲ್ಲಿ ಬಿದ್ದಿರುವ ವಿಮಾನದ ಮೈಲ್ಸ್: ಒಟ್ಟು ಸೇರಿಸಲು ಬರುತ್ತದಾ?

ತೋಟದಮನೆ, ಶಿರಸಿ:
ಎಲ್ಲರಿಗೂ ನಮಸ್ಕಾರ. ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಪ್ಪ, ಆಯಿ ಅಲ್ಲಿಗೆ ಹೋಗಿ ಬಂದು ಮಾಡುತ್ತಾರೆ. ಬಾಣಂತನಕ್ಕೆ ಹೋದಾಗ ಎಮಿರೇಟ್ಸ್, ಆಮೇಲೆ ಕತಾರ್, ಕಳೆದ ಸಲ ಸಿಂಗಾಪುರ ಏರ್‌ಲೈನ್ಸ್. ಯಾವಾಗ ಯಾವುದು ಅಗ್ಗವೋ ಅದು. ಈಗ ಮೂರೂ ಕಡೆ ಇಬ್ಬರ ಹೆಸರಲ್ಲಿ ಒಂದಿಷ್ಟು ಮೈಲ್ಸ್, ಅಂದರೆ ಹಾರಿದ್ದಕ್ಕೆ ಕಂಪನಿಯವರು ಕೊಡುವ ಪಾಯಿಂಟು, ಬಿದ್ದಿವೆ. ತಂಗಿ ಹೇಳುವುದು, ಅದನ್ನೆಲ್ಲ ಒಟ್ಟು ಮಾಡಿದರೆ ನಾನೂ ಹೆಂಡತಿಯೂ ಸಿಂಗಾಪುರ ನೋಡಿ ಬರಬಹುದಂತೆ. ಹೌದಾ? ಒಟ್ಟು ಮಾಡುವುದು ಹೇಗೆ?

ಇನ್ನೊಂದು. ಬರುವ ವರ್ಷ ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ ಅವರಿಬ್ಬರನ್ನು ಮತ್ತೆ ಕಳಿಸಬೇಕು. ಟಿಕೆಟನ್ನು ಮೈಲ್ಸ್ ನೋಡಿ ತೆಗೆಯಬೇಕಾ, ದರ ನೋಡಿ ತೆಗೆಯಬೇಕಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಡಲ ದಂಡೆ, ಕಾರವಾರ:
ಮೊದಲು ಬೇಜಾರಿನ ಸುದ್ದಿ. ಎಮಿರೇಟ್ಸ್‌ನದು ಕತಾರ್‌ಗೆ ಹೋಗುವುದಿಲ್ಲ, ಕತಾರ್‌ನದು ಸಿಂಗಾಪುರಕ್ಕೆ ಹೋಗುವುದಿಲ್ಲ. ಎಮಿರೇಟ್ಸ್ ವಿಮಾನ ಕಂಪನಿಗಳ ಯಾವ ಕೂಟದಲ್ಲೂ ಇಲ್ಲ, ಕತಾರ್ ಇರುವುದು ಒನ್‌ವರ್ಲ್ಡ್‌ನಲ್ಲಿ, ಸಿಂಗಾಪುರ ಸ್ಟಾರ್ ಅಲಯನ್ಸ್‌ನಲ್ಲಿ. ಒಂದೇ ಕೂಟದಲ್ಲಿದ್ದರೂ ಮೈಲ್ಸ್ ಸಾಮಾನ್ಯವಾಗಿ ಆ ಖಾತೆಯಿಂದ ಈ ಖಾತೆಗೆ ಬರುವುದಿಲ್ಲ. ಕೂಟದಿಂದ ಆಗುವ ಲಾಭ ಬೇರೆ: ಸಿಂಗಾಪುರದ ಮೈಲ್ಸ್ ಕೊಟ್ಟು ಲುಫ್ತಾನ್ಸಾ ಅಥವಾ ಏರ್ ಇಂಡಿಯಾ ಸೀಟು ತೆಗೆಯಬಹುದು. ಲುಫ್ತಾನ್ಸಾದಲ್ಲಿ ಹಾರಿದ್ದನ್ನು ಸಿಂಗಾಪುರದ ಖಾತೆಗೆ ಬರೆಸಿಕೊಳ್ಳಬಹುದು. ಖಾತೆಯ ಹೊರಗೆ ತಂದು ಇನ್ನೊಂದಕ್ಕೆ ಸುರಿಯುವುದು ಮಾತ್ರ ಇಲ್ಲ. ಇದಕ್ಕೆ ಹೊರತು ಏವಿಯಾಸ್. ಕತಾರ್, ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಫಿನ್‌ಏರ್ ಎಲ್ಲದರ ನಾಣ್ಯವೂ ಅದೇ, ಅವುಗಳ ಮಧ್ಯೆ ಅತ್ತಿತ್ತ ಮಾಡಬಹುದು.

ಈಗ ನಿಮ್ಮ ಮೂರು ಖಾತೆ ಒಂದೊಂದಾಗಿ.

ಎಮಿರೇಟ್ಸ್: ಅವರ ಮೈಲ್ಸ್ ಯೋಜನೆ ಸ್ಕೈವರ್ಡ್ಸ್‌ನಲ್ಲಿ 'ಮೈ ಫ್ಯಾಮಿಲಿ' ಅಂತ ಇದೆ. ಮನೆಯವರು ಎಂಟು ಜನರ ತನಕ ಒಟ್ಟು ಸೇರಬಹುದು. ಅಪ್ಪನದೂ ಆಯಿಯದೂ ಒಂದೇ ಕಡೆ ಬೀಳುತ್ತದೆ. ಆದರೆ ಸೇರಿದ ಮೇಲೆ ಗಳಿಸಿದ್ದಕ್ಕೆ ಮಾತ್ರ ಅದು ಸುಲಭ. ಸದ್ಯಕ್ಕೆ ಇರುವ ಚಿಲ್ಲರೆಗೆ ಒಳ್ಳೆಯ ದಾರಿ ಅಂದರೆ 'ಕ್ಯಾಶ್ ಪ್ಲಸ್ ಮೈಲ್ಸ್'. 2,000 ಮೈಲ್ಸ್‌ನಿಂದ ಮೇಲೆ ಎಷ್ಟಿದ್ದರೂ ಮುಂದಿನ ಟಿಕೆಟ್ಟಿನ ದರದಲ್ಲಿ ಕಳೆದುಕೊಳ್ಳುತ್ತಾರೆ. ಬೆಲೆ ಕಮ್ಮಿ ಸಿಗುತ್ತದೆ, ಆದರೂ ಸುಮ್ನೆ ಸಾಯುವುದಕ್ಕಿಂತ ಅಡ್ಡಿಯಿಲ್ಲ.

ಕತಾರ್: ಇಲ್ಲಿ ಗಡಿಬಿಡಿ ಇಲ್ಲ. 36 ತಿಂಗಳೊಳಗೆ ಒಮ್ಮೆ ಏನಾದರೂ ಗಳಿಸಿದರೆ ಅಥವಾ ಖರ್ಚು ಮಾಡಿದರೆ ಇಡೀ ಖಾತೆಗೆ ಮತ್ತೆ ಜೀವ ಬರುತ್ತದೆ. ದೋಹಾದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಂದು ಚಾಕಲೇಟ್ ಡಬ್ಬಿಗೆ ಏವಿಯಾಸ್ ಕೊಟ್ಟರೂ ಆಯಿತು.

ಸಿಂಗಾಪುರ: ಇದೇ ನಿಮಗೆ ಬೇಕಾದದ್ದು. ಅವರ ಯೋಜನೆ ಕ್ರಿಸ್‌ಫ್ಲೈಯರ್‌ನ ಮೈಲ್ಸ್ 36 ತಿಂಗಳಿಗೆ ಸಾಯುತ್ತವೆ. ಮಧ್ಯೆ ಹಾರಿದರೂ ಹಳೆಯದು ಉಳಿಯುವುದಿಲ್ಲ. ಆದರೆ ಖಾತೆಯವರು ಐದು ಜನರನ್ನು ನಾಮಿನಿ ಮಾಡಬಹುದು, ಅಂದರೆ ತಮ್ಮ ಮೈಲ್ಸ್‌ನಿಂದ ಅವರಿಗೆ ಟಿಕೆಟ್ ತೆಗೆಯಬಹುದು. ಅಪ್ಪನ ಖಾತೆಯಲ್ಲಿ ನಿಮ್ಮ ಹೆಸರು, ಆಯಿಯ ಖಾತೆಯಲ್ಲಿ ನಿಮ್ಮ ಹೆಂಡತಿಯ ಹೆಸರು ಹಾಕಿಸಿ. ಎರಡು ಖಾತೆ ಒಟ್ಟಾಗುವುದಿಲ್ಲ, ಹಾಗಾಗಿ ಒಂದೊಂದರಿಂದ ಒಂದೊಂದು ಟಿಕೆಟ್. ಮಾಡುವುದು ಅಪ್ಪನ ಲಾಗಿನ್‌ನಿಂದಲೇ. ಒಟಿಪಿ ಅವರ ಫೋನಿಗೆ ಬರುತ್ತದೆ. ಅವರು ತೋಟದಲ್ಲಿದ್ದು ಸಿಗ್ನಲ್ ಇಲ್ಲದಿದ್ದರೆ ನಿಮ್ಮ ಕಥೆ ಮುಗಿಯಿತು!

ಭಟ್ಕಳ ದುಬೈ ಭಟ್ಕಳ:
ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ. ನಾವು ಮಂಗಳೂರಿಂದ ದುಬೈಗೆ ಹೋಗುವವರು ಮೈಲ್ಸ್ ಕೇಳುವುದೇ ಇಲ್ಲ, ಕಿಲೋ ಕೇಳುತ್ತೇವೆ. ಯಾರು ಜಾಸ್ತಿ ಲಗೇಜ್ ಬಿಡುತ್ತಾರೋ ಅವರ ಟಿಕೆಟ್. ಮೈಲ್ಸ್ ತಗೊಂಡು ಮನೆಗೆ ಹೋದರೆ ಮಕ್ಕಳು ಬ್ಯಾಗ್ ತೆಗೆದು ಏನು ನೋಡುತ್ತಾರೆ?

ಕಡಲ ದಂಡೆ, ಕಾರವಾರ:
ನಿಮ್ಮ ಮಾತು ನಿಮ್ಮ ದಾರಿಗೆ ನೂರಕ್ಕೆ ನೂರು ಸರಿ. ಮೂರು-ಮೂರೂವರೆ ಗಂಟೆಯ ಅಗ್ಗದ ಫ್ಲೈಟಿನಲ್ಲಿ ಸಿಗುವ ಪಾಯಿಂಟು ಅಷ್ಟಕ್ಕಷ್ಟೇ. ಇವರದು ಅಮೆರಿಕದ ಪ್ರಯಾಣ, ಹೋಗಿ ಬರುವ ದಾರಿಯೇ ಹದಿನೇಳು ಹದಿನೆಂಟು ಸಾವಿರ ಮೈಲಿ.

ಹಡಗಿನವ, ಅಂಕೋಲಾ:
ಹದಿನೆಂಟು ಸಾವಿರ ಮೈಲಿ ಹಾರಿದರೆ ಹದಿನೆಂಟು ಸಾವಿರ ಮೈಲ್ಸ್ ಅಂತ ಲೆಕ್ಕ ಹಾಕಬೇಡಿ. ಮೊದಲಿನ ಕಾಲ ಹಾಗಿತ್ತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಈ ಪದ್ಧತಿ ಶುರು ಮಾಡಿದಾಗ ಹಾರಿದ ದೂರವೇ ಲೆಕ್ಕ, ಅದಕ್ಕೇ ಮೈಲ್ಸ್ ಅಂತ ಹೆಸರು. ಈಗ ಕೊಟ್ಟ ದುಡ್ಡು ನೋಡಿ ಕೊಡುವವರು ಜಾಸ್ತಿ. ಏರ್ ಇಂಡಿಯಾ 2024ರ ಏಪ್ರಿಲ್‌ನಿಂದ ಹಾಗೇ ಮಾಡಿದೆ. ಅದರ ಹಳೆಯ ಫ್ಲೈಯಿಂಗ್ ರಿಟರ್ನ್ಸ್‌ಗೆ ಈಗ ಮಹಾರಾಜ ಕ್ಲಬ್ ಅಂತ ಹೆಸರು. 2024ರ ನವೆಂಬರ್ 12ಕ್ಕೆ ವಿಸ್ತಾರ ಬಂದು ಸೇರಿದಾಗ ಅವರ ಪಾಯಿಂಟುಗಳೂ ಇಲ್ಲಿಗೇ ಬಂದವು.

ದೂರ ನೋಡಿ ಕೊಡುವ ಕಡೆ ಬುಕಿಂಗ್ ಕ್ಲಾಸ್ ನೋಡಬೇಕು. ಇ-ಟಿಕೆಟ್ ಕಾಗದದಲ್ಲಿ ಫ್ಲೈಟ್ ನಂಬರಿನ ಆಚೀಚೆ ಒಂದೇ ಒಂದು ಅಕ್ಷರ ಇರುತ್ತದೆ, ವೈ, ಎಂ, ಕೆ, ವಿ, ಹೀಗೆ ಏನೋ ಒಂದು. ಎಲ್ಲರೂ ಕೂರುವುದು ಅದೇ ಎಕಾನಮಿ, ಊಟವೂ ಅದೇ. ಆದರೆ ಆ ಒಂದು ಅಕ್ಷರದ ಮೇಲೆ ಪಕ್ಕದವನಿಗೆ ಪೂರ್ತಿ ಮೈಲ್ಸ್, ನಿಮಗೆ ಅರ್ಧ, ಹಿಂದಿನ ಸೀಟಿನವನಿಗೆ ಸೊನ್ನೆ. ನಮಗೆ ಹಡಗಿನ ಕಂಪನಿಯವರು ಮರೀನ್ ಫೇರ್, ಅಂದರೆ ಹಡಗಿನಲ್ಲಿ ಕೆಲಸ ಮಾಡುವವರ ದರದ ಟಿಕೆಟ್, ಕೊಡಿಸುತ್ತಾರೆ. ಲಗೇಜ್ ಧಾರಾಳ, ದಿನಾಂಕ ಬದಲಿಸಿದರೂ ತಕರಾರಿಲ್ಲ, ಮೈಲ್ಸ್ ಮಾತ್ರ ಕೆಲವು ಕಡೆ ಬರುತ್ತದೆ, ಕೆಲವು ಕಡೆ ಇಲ್ಲ. ಅಂದಹಾಗೆ ದುಡ್ಡು ಯಾರು ಕೊಟ್ಟರೂ ಮೈಲ್ಸ್ ಸೀಟಿನಲ್ಲಿ ಕೂತವರದು. ಕಂಪನಿ ಟಿಕೆಟ್ ಅಂತ ತಮ್ಮ ಮೈಲ್ಸ್ ಖಾತೆಯ ನಂಬರ್ ಹಾಕಿಸದೆ ಬಿಡುವ ಹುಡುಗರು ನಮ್ಮ ಕಡೆ ಇನ್ನೂ ಇದ್ದಾರೆ.

ನಾನು ಇಟ್ಟುಕೊಂಡಿರುವುದು ಎರಡೇ ಖಾತೆ. ಸ್ಟಾರ್ ಅಲಯನ್ಸ್‌ಗೆ ಒಂದು, ಒನ್‌ವರ್ಲ್ಡ್‌ಗೆ ಒಂದು. ಸಿಂಗಾಪುರದಲ್ಲಿ ಹಡಗು ಹತ್ತಿ ರೋಟರ್‌ಡ್ಯಾಮ್‌ನಲ್ಲಿ ಇಳಿದರೆ ಬರುವಾಗ ಯಾವ ವಿಮಾನ ಅಂತ ನಮ್ಮ ಕೈಯಲ್ಲಿ ಇರುವುದಿಲ್ಲ. ಬಹಳ ಸಲ ಈ ಎರಡರಲ್ಲಿ ಒಂದಕ್ಕೆ ಬರೆಸಲು ಬರುತ್ತದೆ. ಸಿಕ್ಕಿದ ಕಂಪನಿಗೆಲ್ಲ ಬೇರೆ ಬೇರೆ ಖಾತೆ ತೆರೆದರೆ ಪಾಸ್‌ವರ್ಡ್ ಪಟ್ಟಿ ಉದ್ದ ಆಗುತ್ತದೆ, ಅಷ್ಟೇ.

ಸುಲಿದ ಬಾಳೆ, ಹೊನ್ನಾವರ:
ಹಳೆಯ ಪ್ರಯಾಣದ ಮೈಲ್ಸ್ ಬರದೇ ಇದ್ದರೆ ಕೇಳಬಹುದಾ? ಅತ್ತೆಯದು ಬಂದಿದೆ, ಮಾವನದು ಬಂದಿಲ್ಲ. ಇಬ್ಬರೂ ಒಂದೇ ಪಿಎನ್‌ಆರ್.

ಹಡಗಿನವ, ಅಂಕೋಲಾ:
ಕೇಳಬಹುದು ಅಕ್ಕಾ. ಬಹಳ ಕಡೆ ಆರು ತಿಂಗಳ ಗಡುವು. ಬೇಕಾದದ್ದು ಎರಡು, ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ ನಂಬರ್. ಪಿಎನ್‌ಆರ್ ಬೇರೆ, ಟಿಕೆಟ್ ನಂಬರ್ ಬೇರೆ. ಟಿಕೆಟ್ ನಂಬರ್ 13 ಅಂಕಿ, ಮೊದಲ ಮೂರು ಕಂಪನಿಯ ಗುರುತು: 098 ಏರ್ ಇಂಡಿಯಾ, 157 ಕತಾರ್, 176 ಎಮಿರೇಟ್ಸ್, 618 ಸಿಂಗಾಪುರ. ಪಿಎನ್‌ಆರ್ ಒಂದೇ ಆದರೂ ಅತ್ತೆಯ ನಂಬರ್ ಬೇರೆ, ಮಾವನ ನಂಬರ್ ಬೇರೆ. ಬೋರ್ಡಿಂಗ್ ಪಾಸ್ ಇಳಿದ ದಿನವೇ ಫೋಟೋ ತೆಗೆದಿಡಿ. ಅದು ಬಿಸಿಗೆ ಮೂಡುವ ಶಾಯಿಯ ಕಾಗದ. ನಮ್ಮ ಮಳೆಗಾಲ ಒಂದು ಕಳೆದರೆ ಕಪಾಟಿನಲ್ಲಿಟ್ಟದ್ದೂ ಬಿಳಿ ಹಾಳೆ ಆಗಿರುತ್ತದೆ, ಸೀಟ್ ನಂಬರಿನ ಜಾಗದಲ್ಲಿ ಬೂದು ಗೀರು ಮಾತ್ರ.

ಮಾವನದು ಬರದೇ ಇರಲು ಹೆಸರೇ ಕಾರಣ ಇರಬೇಕು. ಟಿಕೆಟ್ಟಿನಲ್ಲೂ ಖಾತೆಯಲ್ಲೂ ಹೆಸರು ಒಂದೇ ಇದೆಯಾ ನೋಡಿ.

ಬ್ಯಾಂಕ್ ಕೌಂಟರ್, ಕುಮಟಾ:
ಕಾರ್ಡಿನ ವಿಷಯ ಯಾರೂ ತೆಗೆಯಲಿಲ್ಲ, ನಾನೇ ಹೇಳುತ್ತೇನೆ. ಬೆಂಗಳೂರಿನ ಹುಡುಗರು ವಿಡಿಯೋ ಮಾಡಿ ಹೇಳುವುದು ಕೇಳಿ ನಮ್ಮ ಕೌಂಟರಿಗೆ ಬರುತ್ತಾರೆ, ಮೈಲ್ಸ್ ಬರುವ ಕಾರ್ಡ್ ಕೊಡಿ ಅಂತ. ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಗೆ ಕಳಿಸಲು ಬರುವ ಕಾರ್ಡುಗಳು ಇವೆ, ನಿಜ. ಆದರೆ ಅವು ಸಿಗುವುದು ಒಳ್ಳೆಯ ಸಂಬಳ ಇದ್ದವರಿಗೆ ಅಥವಾ ದೊಡ್ಡ ಆದಾಯ ತೆರಿಗೆ ರಿಟರ್ನ್ ತೋರಿಸುವವರಿಗೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ತೋರಿಸಲು ಕಾಗದವೂ ಇಲ್ಲ. ಹಾಗಾಗಿ ನಮ್ಮ ಜಿಲ್ಲೆಯ ಕೃಷಿಕರಿಗೆ ಸಿಗುವುದು ಜಾಸ್ತಿ ಎಫ್‌ಡಿ ಮೇಲಿನ ಕಾರ್ಡ್. ಅದರಲ್ಲಿ ಬರುವ ಪಾಯಿಂಟಿಗೆ ಮಿಕ್ಸರ್ ಬರಬಹುದು, ವಿಮಾನ ಬರುವುದು ಕಷ್ಟ.

ಲೆಕ್ಕ ಹಾಕಿ. ನೂರು ರೂಪಾಯಿಗೆ ಒಂದು ಮೈಲ್ ಕೊಡುವ ಕಾರ್ಡ್ ಅಂತ ಇಟ್ಟುಕೊಳ್ಳಿ. 40,000 ಮೈಲ್ಸ್ ಆಗಬೇಕಾದರೆ 40 ಲಕ್ಷ ಖರ್ಚು ಮಾಡಬೇಕು. ಪೆಟ್ರೋಲು, ಬಾಡಿಗೆ, ವಾಲೆಟ್‌ಗೆ ಹಾಕಿದ ದುಡ್ಡು ಇದಕ್ಕೆಲ್ಲ ಬಹಳ ಕಾರ್ಡುಗಳು ಪಾಯಿಂಟನ್ನೇ ಕೊಡುವುದಿಲ್ಲ. ಒಂದು ತಿಂಗಳು ಬಿಲ್ ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ 3.5ರ ಆಸುಪಾಸು ಬಡ್ಡಿ, ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. ವಿದೇಶದಲ್ಲಿ ಉಜ್ಜಿದರೆ ಸಾಮಾನ್ಯ ಕಾರ್ಡುಗಳಲ್ಲಿ ಶೇಕಡಾ 3.5 ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಂದು ಲಕ್ಷಕ್ಕೆ 4,130 ರೂಪಾಯಿ ಕೈಬಿಟ್ಟ ಹಾಗೆ. ಅಷ್ಟು ಕೊಟ್ಟು ಬರುವ ಸಾವಿರ ಮೈಲ್ಸಿಗೆ ಏನು ಬೆಲೆ?

ಇನ್ನು ಬ್ಯಾಂಕಿನಿಂದ ವಿಮಾನ ಕಂಪನಿಗೆ ಪಾಯಿಂಟ್ ಕಳಿಸಿದರೆ ವಾಪಸ್ ತರಲು ಬರುವುದಿಲ್ಲ. ಸೀಟು ಇದೆ ಅಂತ ಕಣ್ಣಾರೆ ನೋಡಿ ಆಮೇಲೆ ಕಳಿಸಬೇಕು.

ತೋಟದಮನೆ, ಶಿರಸಿ:
ಎಲ್ಲರಿಗೂ ದೊಡ್ಡ ಉಪಕಾರ. ಕಾರ್ಡಿನ ಆಸೆ ಬಿಟ್ಟೆ. ಒಂದು ಗೊತ್ತಾಗಲಿಲ್ಲ. ಮೈಲ್ಸ್ ಕೊಟ್ಟು ಟಿಕೆಟ್ ತೆಗೆದರೂ ದುಡ್ಡು ಕೇಳುತ್ತದೆ ಅಂತ ನೆಂಟರೊಬ್ಬರು ಹೇಳಿದರು. ಮತ್ತೆ ಪುಕ್ಕಟೆ ಅನ್ನುವುದು ಯಾಕೆ?

ಕಡಲ ದಂಡೆ, ಕಾರವಾರ:
ಪುಕ್ಕಟೆ ಅಂತ ಅವರೂ ಹೇಳುವುದಿಲ್ಲ, ನಾವು ಅಂದುಕೊಳ್ಳುವುದು. ಮೈಲ್ಸ್ ಹೋಗುವುದು ಮೂಲ ದರಕ್ಕೆ ಮಾತ್ರ. ವಿಮಾನ ನಿಲ್ದಾಣದ ಶುಲ್ಕ, ಸರಕಾರದ ತೆರಿಗೆ ನೀವೇ ಕೊಡಬೇಕು. ಅದರ ಮೇಲೆ ಕೆಲವು ಕಂಪನಿಗಳು ಇಂಧನದ ಹೆಸರಲ್ಲಿ ಇನ್ನೊಂದು ಸರ್‌ಚಾರ್ಜ್ ಹಾಕುತ್ತವೆ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ, ಎಮಿರೇಟ್ಸ್ ಇದರಲ್ಲಿ ಜೋರು. ಸಿಂಗಾಪುರದವರು ತಮ್ಮದೇ ವಿಮಾನದ ರಿಡೀಮ್ ಟಿಕೆಟ್ಟಿಗೆ, ಅಂದರೆ ಮೈಲ್ಸ್ ಕೊಟ್ಟು ತೆಗೆದದ್ದಕ್ಕೆ, 2017ರಿಂದ ಇದನ್ನು ತೆಗೆದು ಹಾಕಿದ್ದಾರೆ. ಹಾಗಾಗಿಯೇ ನಿಮ್ಮ ಮೂರರಲ್ಲಿ ಅದೇ ನಿಮಗೆ ಬೇಕಾದದ್ದು ಅಂದದ್ದು.

ಬೆಲೆ ನೋಡುವ ದಾರಿ ಸುಲಭ. ದುಡ್ಡು ಕೊಟ್ಟರೆ ಟಿಕೆಟ್ 28,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೈಲ್ಸ್ ಕೊಟ್ಟರೆ 25,000 ಮೈಲ್ಸ್, ಮೇಲೆ 9,000 ರೂಪಾಯಿ. ಉಳಿದದ್ದು 19,000. ಅಂದರೆ ಒಂದು ಮೈಲ್‌ಗೆ 76 ಪೈಸೆ. ಅದೇ ದಿನ ಯಾವುದೋ ಅಗ್ಗದ ಕಂಪನಿ 17,000ಕ್ಕೆ ಒಯ್ಯುತ್ತಿದ್ದರೆ ಲೆಕ್ಕ ಮಾಡಬೇಕಾದದ್ದು 28ರ ಜೊತೆ ಅಲ್ಲ, 17ರ ಜೊತೆ. ಆಗ ಬೆಲೆ 32 ಪೈಸೆಗೆ ಇಳಿಯಿತು. ಬಹಳ ಜನ ಇಲ್ಲೇ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ರಿಡೀಮ್ ಟಿಕೆಟ್ಟಿನಲ್ಲಿ ಹಾರಿದರೆ ಹೊಸ ಮೈಲ್ಸ್ ಬರುವುದಿಲ್ಲ ಅನ್ನುವುದೂ ಲೆಕ್ಕಕ್ಕೆ ಸೇರಬೇಕು.

ಸೀಟು ಸಿಗುವುದೇ ನಿಜವಾದ ಕಷ್ಟ. ಸಿಂಗಾಪುರದವರು 355 ದಿನ ಮೊದಲು ಬಾಗಿಲು ತೆರೆಯುತ್ತಾರೆ. ಅಗ್ಗದ್ದಕ್ಕೆ ಸೇವರ್ ಅಂತ ಹೆಸರು, ದುಬಾರಿಯದಕ್ಕೆ ಅಡ್ವಾಂಟೇಜ್. ಮಕ್ಕಳ ರಜೆ, ದೀಪಾವಳಿ, ಡಿಸೆಂಬರ್ ಕೊನೆ, ಆಗ ಸೇವರ್ ಹುಡುಕುವುದು ಸುಮ್ನೆ. ನಿಮಗೆ ತೋಟದ ಕೆಲಸ ಕಮ್ಮಿ ಇರುವುದು ಯಾವಾಗ? ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವ ಮಧ್ಯದ ಬಿಡುವಿನಲ್ಲಿ ಹೋದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ.

ಮತ್ತೆ ಕೂಡಿಡುವ ಆಸೆ ಬೇಡ. ಚಾಲಿ ಅಡಿಕೆ ಅಟ್ಟದ ಮೇಲೆ ಇಟ್ಟರೆ ದರ ಏರಲೂಬಹುದು, ಇಳಿಯಲೂಬಹುದು. ಮೈಲ್ಸ್ ದರ ಏರಿದ್ದನ್ನು ನಾನಂತೂ ಕಂಡಿಲ್ಲ. ಇವತ್ತು ಇಷ್ಟು ಸಾವಿರಕ್ಕೆ ಸಿಗುವ ಸೀಟು ನಾಳೆ ಜಾಸ್ತಿ ಕೇಳುತ್ತದೆ.

ಅಘನಾಶಿನಿ ತೀರ:
ಎರಡನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ವಯಸ್ಸಾದವರನ್ನು ಕಳಿಸುವಾಗ ಮೈಲ್ಸೂ ಬೇಡ, ಬರೀ ದರವೂ ಬೇಡ. ಮೊದಲು ನೋಡಬೇಕಾದದ್ದು ಒಂದೇ ಪಿಎನ್‌ಆರ್‌ನಲ್ಲಿ ಕೊನೆಯ ತನಕ ಲಗೇಜ್ ಹೋಗುತ್ತದಾ ಅಂತ. ಅಮೆರಿಕದ ಟಿಕೆಟ್ಟಿಗೆ ಸಾಮಾನ್ಯವಾಗಿ ತಲೆಗೆ 23 ಕಿಲೋದ ಎರಡು ಬ್ಯಾಗ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆದರೆ 15 ಕಿಲೋ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಗಳಿಗೆ ಅಂತ ಕಟ್ಟಿದ್ದೆಲ್ಲ ಹುಬ್ಬಳ್ಳಿಯ ಕೌಂಟರಿನಲ್ಲಿ ತೂಕಕ್ಕೆ ದುಡ್ಡು ಕೇಳುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ಟಿಕೆಟ್ ಆದ್ದರಿಂದ ಯಾರೂ ಜವಾಬ್ದಾರರಲ್ಲ. ಅದರ ಬದಲು ಶಿರಸಿಯಿಂದ ರಾತ್ರಿ ಸ್ಲೀಪರ್ ಬಸ್ಸಿಗೆ ಕಳಿಸಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ಇಳಿಸುವುದು ಒಳ್ಳೆಯದು. ಅಂತಾರಾಷ್ಟ್ರೀಯ ವಿಮಾನ ಈಗ ಎರಡನೇ ಟರ್ಮಿನಲ್‌ನಿಂದ, 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋಯಿತು. ಕರೆದೊಯ್ಯುವವರಿಗೆ ಮೊದಲೇ ಹೇಳಿಡಿ.

ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬರೆಸಿ. ಅದಕ್ಕೆ ಮೈಲ್ಸ್ ಬೇಕಾಗಿಲ್ಲ, ದುಡ್ಡೂ ಇಲ್ಲ.

ಕಡಲ ದಂಡೆ, ಕಾರವಾರ:
ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ದಾರಿ ಇದೆ. ಗೋವಾದ ಮೋಪಾ ವಿಮಾನ ನಿಲ್ದಾಣ. ಕತಾರ್ ಏರ್‌ವೇಸ್ 2024ರ ಜೂನ್‌ನಲ್ಲಿ ಗೋವಾದ ಹಳೆಯ ನಿಲ್ದಾಣ ದಾಬೋಲಿ ಬಿಟ್ಟು ಅಲ್ಲಿಗೆ ಹೋಯಿತು. ಮೋಪಾದಲ್ಲಿ ಲಗೇಜ್ ಕೊಟ್ಟರೆ ದೋಹಾದಲ್ಲಿ ಮುಟ್ಟುವ ಕೆಲಸ ಇಲ್ಲ. ದಾಬೋಲಿಗಿಂತ ದೂರ ಜಾಸ್ತಿ, ಆದರೆ ಜುವಾರಿಯ ಹೊಸ ಸೇತುವೆ ಆದ ಮೇಲೆ ದಾರಿ ಪರವಾಗಿಲ್ಲ. ಶಿರಸಿಯವರಿಗೆ ಇದು ಹೇಳುವುದಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಗೋವಾದ ತನಕ ಕಾರಿನಲ್ಲಿ ಹೋಗುವುದು ಹಿರಿಯರಿಗೆ ಅಮೆರಿಕದ ಪ್ರಯಾಣಕ್ಕಿಂತ ಸುಸ್ತು.

ಅಘನಾಶಿನಿಯವರ ಮಾತಿಗೆ ಒಂದು ಸೇರಿಸುತ್ತೇನೆ. ದರ ಹೆಚ್ಚುಕಮ್ಮಿ ಒಂದೇ ಇದ್ದರೆ ಸಿಂಗಾಪುರಕ್ಕೇ ಹೋಗಲಿ, ಇದ್ದ ಖಾತೆ ತುಂಬುತ್ತದೆ. ಹತ್ತು ಸಾವಿರ ವ್ಯತ್ಯಾಸ ಇದ್ದರೆ ಅಗ್ಗದ್ದು ತೆಗೆಯಿರಿ. ವರ್ಷ ಬಿಟ್ಟು ವರ್ಷ ಹಾರುವವರಿಗೆ ಒಂದೇ ಕಂಪನಿಗೆ ಕಟ್ಟುಬೀಳುವುದರಲ್ಲಿ ಲಾಭ ಇಲ್ಲ. ಇಷ್ಟು ದಿನ ನೀವು ಮಾಡಿದ್ದು ಸರಿಯಾಗಿಯೇ ಇದೆ.

ಗುಡ್ಡದ ಮೇಲೆ, ಯಲ್ಲಾಪುರ:
ನನ್ನ ಅಪ್ಪನ ಖಾತೆ ಏಜೆಂಟ್ ತೆರೆದದ್ದು. ಮೇಲ್ ಅವನದು, ಮೊಬೈಲ್ ನಂಬರ್ ಅವನದು. ಕೇಳಿದರೆ ಮೈಲ್ಸ್ ನನಗೆ ಮಾರಿಬಿಡಿ, ದುಡ್ಡು ಕೊಡುತ್ತೇನೆ ಅನ್ನುತ್ತಾನೆ. ಕೊಡಬಹುದಾ?

ಹಡಗಿನವ, ಅಂಕೋಲಾ:
ಕೊಡಬೇಡಿ. ಮೈಲ್ಸ್ ಮಾರುವುದು ಎಲ್ಲ ಕಂಪನಿಯ ನಿಯಮದಲ್ಲೂ ನಿಷಿದ್ಧ. ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ, ಕೊಂಡವನ ಟಿಕೆಟ್ಟೂ ಹೋಗುತ್ತದೆ. ಅಪ್ಪನ ಪಾಸ್‌ಪೋರ್ಟ್ ಪ್ರತಿ ಕಳಿಸಿ ಮೇಲ್, ಮೊಬೈಲ್ ಬದಲಿಸಿ ಅಂತ ಕಂಪನಿಗೇ ನೇರ ಬರೆಯಿರಿ.

ಸುಲಿದ ಬಾಳೆ, ಹೊನ್ನಾವರ:
ನೋಡಿದೆ, ನೀವು ಹೇಳಿದ್ದೇ ಸರಿ. ಖಾತೆಯಲ್ಲಿ ಮಾವನ ಹೆಸರು ಇನಿಷಿಯಲ್ ಹಾಕಿ ಬರೆದಿದೆ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಅಪ್ಪನ ಹೆಸರು, ಕೊನೆಗೆ ಹೆಗಡೆ. ಅತ್ತೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ, ಆದರೂ ಅವರದು ಬಂದಿದೆ! ಮತ್ತೆ ಇಬ್ಬರದೂ ಹುಟ್ಟಿದ ದಿನ ಜೂನ್ 1. ಅದರಿಂದ ಏನಾದರೂ ತೊಂದರೆಯಾ?

ಹಡಗಿನವ, ಅಂಕೋಲಾ:
ಜೂನ್ 1ರಿಂದ ತೊಂದರೆ ಇಲ್ಲ. ನಮ್ಮ ಜಿಲ್ಲೆಯ ಆ ಕಾಲದ ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಕಂಡವರಿಗೆಲ್ಲ ಅದೇ ದಿನ ಬರೆದಿದ್ದಾರೆ. ಎಮಿರೇಟ್ಸ್‌ನಲ್ಲಿ ಮಾತ್ರ ನೆನಪಿಡಿ. ಅಲ್ಲಿ ಮೈಲ್ಸ್ ಸಾಯುವುದು ಮೂರನೇ ವರ್ಷ ಹುಟ್ಟಿದ ತಿಂಗಳ ಕೊನೆಗೆ. ಅಂದರೆ ಅತ್ತೆ, ಮಾವ ಇಬ್ಬರದೂ ಜೂನ್ ಕೊನೆಗೇ.

ಸರ್‌ನೇಮ್ ಖಾಲಿ ಇರುವುದಕ್ಕೆ ಒಂದೊಂದು ಕಂಪನಿ ಒಂದೊಂದು ರೀತಿ ಮಾಡುತ್ತದೆ. ಕೆಲವರು ಇರುವ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಅತ್ತೆಯ ಟಿಕೆಟ್ಟಿನಲ್ಲಿ ಹೇಗೆ ಬಂದಿದೆಯೋ ಖಾತೆಯಲ್ಲೂ ಹಾಗೇ ಬಂದಿರಬೇಕು, ಅದನ್ನು ಮುಟ್ಟಲು ಹೋಗಬೇಡಿ. ಆದರೆ ದುಬೈನಲ್ಲಿ ಇಳಿದು ಊರು ನೋಡುವ ಆಲೋಚನೆ ಇದ್ದರೆ ಜಾಗ್ರತೆ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದ ಮೇಲೆ ಯುಎಇ 2022ರ ನವೆಂಬರ್‌ನಿಂದ ತಕರಾರು ಮಾಡುತ್ತದೆ.

ಮಾವನದಕ್ಕೆ ಮೊದಲು ಪಾಸ್‌ಪೋರ್ಟ್ ಪ್ರತಿ ಕೊಟ್ಟು ಖಾತೆಯ ಹೆಸರು ಸರಿ ಮಾಡಿಸಿ. ಅದು ಆದ ಮೇಲೆ 13 ಅಂಕಿ ಹಾಕಿ ಕ್ಲೈಮ್ ಮಾಡಿ. ಮೊದಲೇ ಕ್ಲೈಮ್ ಮಾಡಿದರೆ ಹೆಸರು ಹೊಂದುವುದಿಲ್ಲ ಅಂತ ಮತ್ತೆ ತಿರಸ್ಕಾರ ಆಗುತ್ತದೆ. ಹಾರಿ ಎಷ್ಟು ತಿಂಗಳಾಯಿತು?

ಸುಲಿದ ಬಾಳೆ, ಹೊನ್ನಾವರ:
ಚೌತಿಗೆ ಬಂದವರು. ಗಡುವಿನೊಳಗೇ ಇದೆ. ನಾಳೆಯೇ ಕಳಿಸುತ್ತೇನೆ.